ಕುಟುಂಬಸಮೇತ ನಗರಸಂಚಾರ

ಆಳಂದ ತಾಲೂಕಿನ ಮಟಕಿಯಂಥ ಗ್ರಾಮದಿಂದ ಬೆಂಗಳೂರಿನಂಥ ಮಹಾನಗರಕ್ಕೆ ಮನೆಮಂದಿಯೆಲ್ಲ ಕೂಡಿ ವಿನೋದಾರ್ಥವಾಗಿ ಹೊರಡುವುದು ಬಹು ವಿರಳ. ತಾಯಿಯ ಎದೆಬೇನೆಗೆ ಕಲಬುರಗಿಯಲ್ಲಿಯೇ ಜಯದೇವ ಸಂಸ್ಥೆಯ ಶಾಖೆಯಿದ್ದರೂ ರಾಜಧಾನಿಯ ಮೂಲ ಆಸ್ಪತ್ರೆಗೇ ಹೋಗಿರೆಂದು ವೈದ್ಯರು ಚೀಟಿ ಬರೆದುಕೊಟ್ಟಿರಬಹುದು. ಕಿದ್ವಾಯಿಯಲ್ಲಿ ಅರ್ಬುದರೋಗದ ಚಿಕಿತ್ಸೆಗೋ ನಿಮ್ಹಾನ್ಸಿನಲ್ಲಿ ನರರೋಗದ ಪರೀಕ್ಷೆಗೋ ದಿನ ಗೊತ್ತಾಗಿರಬಹುದು. ಇಲ್ಲವೆ ದುಡಿಯಲು ಹೋಗಿ ಅಲ್ಲಿಯೇ ನೆಲೆನಿಂತ ಮಗ ಮನೆ ಹಿಡಿದು ಹಿರಿಯರನ್ನು ಕರೆಸಿಕೊಂಡಿರಬಹುದು. ಕಾರಣ ಯಾವುದೇ ಆಗಲಿ, ಮುಪ್ಪಿನ ತಾಯಿ ಹೊರಟಳೆಂದರೆ ಅವಳ ಸಂಗಡ ಮಗ, ಸೊಸೆ, ಬಿಟ್ಟುಬರಲಾಗದ ಎಳೆಯ ಮಕ್ಕಳು, ಆಸ್ಪತ್ರೆಯ ಮಾತು ತಿಳಿದ ಸೋದರನೊಬ್ಬ, ರೊಟ್ಟಿಯ ಗಂಟು, ಹಾಸಿಗೆಯ ಸುರುಳಿ, ಕಾಗದಪತ್ರಗಳ ಚೀಲ ಇವೆಲ್ಲವೂ ಹೊರಡತಕ್ಕವೇ. ಇಂಥ ಪ್ರಯಾಣದಲ್ಲಿ ಸಂಚರಿಸುವುದು ಒಂದು ಇಡಿಯ ಮನೆ. ಆ ಮನೆಯ ನಡಿಗೆಯ ವೇಗವನ್ನು ನಿರ್ಣಯಿಸುವವರು ಅದರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವ ವೃದ್ಧೆಯೂ ಎಲ್ಲರಿಗಿಂತ ಕಿರಿದಾದ ಕೂಸೂ. ನಗರದ ಸಂಚಾರವ್ಯವಸ್ಥೆಯಾದರೋ ಮನೆಯೆಂಬುದನ್ನು ಅರಿಯದು. ಅದು ಒಬ್ಬೊಬ್ಬರನ್ನೇ ಎಣಿಸುತ್ತದೆ, ಒಬ್ಬೊಬ್ಬರಿಗೇ ಬಾಗಿಲು ತೆರೆಯುತ್ತದೆ. ಮಹಾನಗರದ ಬಸ್ಸು, ರೈಲು, ಮೆಟ್ರೊಗಳ ಗುಣದೋಷಗಳನ್ನು ಅಳೆಯಬೇಕಾದರೆ ಕಚೇರಿಗೆ ಧಾವಿಸುವ ತರುಣನ ಗಡಿಯಾರದಿಂದ ಅಳೆಯುವುದಕ್ಕಿಂತ ಈ ಮನೆಯ ನಡಿಗೆಯಿಂದ ಅಳೆಯುವುದು ಹೆಚ್ಚು ನ್ಯಾಯವೆಂದು ನಾನು ನಂಬುತ್ತೇನೆ.

ನಮ್ಮ ಸೀಮೆಯವರಿಗೆ ಸಾರ್ವಜನಿಕ ವಾಹನ ನಿನ್ನೆ ಮೊನ್ನೆಯ ಪರಿಚಯವಲ್ಲ. ಈ ಪ್ರಾಂತವು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1932ರಲ್ಲಿಯೇ, ನಿಜಾಮರ ಸರ್ಕಾರ ತನ್ನ ರೈಲ್ವೆಯ ಅಂಗವಾಗಿ 27 ಬಸ್ಸುಗಳಿಂದ ರಸ್ತೆ ಸಾರಿಗೆಯ ಇಲಾಖೆಯೊಂದನ್ನು ಆರಂಭಿಸಿತ್ತು. ಬಸ್ಸು ನಡೆಸುವುದು ಸರ್ಕಾರದ ಕರ್ತವ್ಯಗಳಲ್ಲೊಂದೆಂಬ ವಿಚಾರ ದೇಶದ ಬಹುಭಾಗಕ್ಕೆ ಇನ್ನೂ ಹೊಳೆದಿರದ ಹೊತ್ತಿನ ಮಾತದು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ವಿಶಾಲ ಮೈಸೂರಿನಲ್ಲಿ ವಿಲೀನವಾಯಿತು. 2000ದಲ್ಲಿ ಕಲಬುರಗಿಯನ್ನು ಕೇಂದ್ರಸ್ಥಾನವಾಗಿಸಿಕೊಂಡು ಈಶಾನ್ಯ ಕರ್ನಾಟಕದ ಸಾರಿಗೆ ಸಂಸ್ಥೆ ಪ್ರತ್ಯೇಕಗೊಂಡಿತು. ಅದೇ ಇಂದಿನ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಹಳ್ಳಿಯ ದಾರಿಯಲ್ಲಿ ಓಡಾಡುವ ಅದರ ಬಸ್ಸಿಗೆ ಸಾಮಾನ್ಯವಾಗಿ ಬಾಗಿಲು ಒಂದೇ; ಫಲಕದ ಮೇಲೆ ಅಂಕಿಯಿಲ್ಲ, ಊರಿನ ಹೆಸರು; ಕಂಡಕ್ಟರರಿಗೆ ಹತ್ತುವವರಲ್ಲಿ ಅರ್ಧ ಜನರ ಮುಖಪರಿಚಯ. "ಜರಾ ತಡೀರಿ, ನಮ್ಮ ಆಯಿ ಬರ್ಲಾಕತ್ಯಾಳ್ರಿ" ಎಂದು ಯಾರಾದರೂ ಕೂಗಿದರೆ ಸೀಟಿ ಊದಲು ಬಾಯಿಗೆ ಹೋದ ಕೈ ಅಲ್ಲಿಯೇ ನಿಲ್ಲುತ್ತದೆ. ಆಳಂದದಿಂದ ತೊಗರಿಯ ಹೊಲಗಳ ನಡುವೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವನ್ನು ಹಾದು, ಕಲಬುರಗಿಗೆ ಬರುವ ಸುಮಾರು 40 ಕಿಲೋಮೀಟರಿನ ಹಾದಿಯುದ್ದಕ್ಕೂ ಮನೆ ಮನೆಯಾಗಿಯೇ ಇರುತ್ತದೆ: ಕೂಸು ಅಪ್ಪನ ತೊಡೆಯಿಂದ ಆಯಿಯ ತೊಡೆಗೆ ಹೋಗುತ್ತದೆ, ಗಂಟು ಯಾರದೋ ಕಾಲ ಕೆಳಗೆ ನೆಮ್ಮದಿಯಾಗಿರುತ್ತದೆ.

ಕಲಬುರಗಿಯಿಂದ ಮುಂದೆ ರೈಲು. ಮುಂಬೈಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ಸು ನಮ್ಮವರಿಗೆ ಬಹುಕಾಲದ ಆಪ್ತ. ಅದನ್ನು ಹತ್ತಿ ಮಲಗಿದರೆ ಮುಂಜಾನೆ ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. 2024ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಕಲಬುರಗಿ–ಬೆಂಗಳೂರು ವಂದೇ ಭಾರತ್ ರೈಲು ಬೆಳಗಿನ ಜಾವ ಹೊರಟು ಹಗಲಿನಲ್ಲಿಯೇ ಮುಟ್ಟಿಸುತ್ತದೆಂಬುದು ನಿಜವಾದರೂ ಹಳ್ಳಿಯವರು ಅದನ್ನು ಹಿಡಿಯಬೇಕಾದರೆ ಹಿಂದಿನ ರಾತ್ರಿಯೇ ಕಲಬುರಗಿಗೆ ಬಂದು ಬೀಗರ ಮನೆಯಲ್ಲೋ ನಿಲ್ದಾಣದಲ್ಲೋ ತಂಗಬೇಕು. ಅದು ಮುಟ್ಟಿಸುವುದೂ ನಗರದ ನಡುವಿನ ಹಳೆಯ ನಿಲ್ದಾಣಕ್ಕಲ್ಲ, 2022ರಲ್ಲಿ ಕಾರ್ಯಾರಂಭ ಮಾಡಿದ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ. ಈ ಟರ್ಮಿನಲ್ಲಿನ ವಿಷಯವಾಗಿ ಹೇಳಬೇಕಾದುದು ಬಹಳವಿದೆ. ಅದನ್ನು ಮುಂದೆ ಹೇಳುತ್ತೇನೆ.

ಹಳೆಯ ನಿಲ್ದಾಣದಲ್ಲಿ ಇಳಿದವರಿಗೆ ಮೆಜೆಸ್ಟಿಕ್ ಎದುರಾಗುತ್ತದೆ. ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿದ್ದ ಆ ತಗ್ಗಿನಲ್ಲಿ ಈಗ ಊರುಗಳಿಗೆ ಹೋಗುವ ಬಸ್ಸುಗಳ ನಿಲ್ದಾಣ, ನಗರದ ಬಸ್ಸುಗಳ ನಿಲ್ದಾಣ, ಇವೆರಡರ ಸಮೀಪದಲ್ಲಿ ನೆಲದಾಳದ ಮೆಟ್ರೊ ನಿಲ್ದಾಣ. ಇಷ್ಟನ್ನೂ ಒಂದೆಡೆ ಕೂಡಿಸಿರುವುದು ದೊಡ್ಡ ಉಪಕಾರವೆಂಬುದನ್ನು ಮರೆಯಲಾಗದು. ಆದಾಗ್ಯೂ ಮೊದಲ ಸಲ ಬಂದ ಕುಟುಂಬಕ್ಕೆ ಅಲ್ಲಿ ತಬ್ಬಿಬ್ಬಾಗುವುದು ಸಹಜ. ನಮ್ಮ ಬಸ್ಸುಗಳು ಊರಿನ ಹೆಸರಿನಿಂದ ಗುರುತಾಗುತ್ತವೆ, ಇಲ್ಲಿಯವು ಅಂಕಿಯಿಂದ. ಮೆಜೆಸ್ಟಿಕ್ಕಿನಿಂದ ಕಾಡುಗೋಡಿಯ ಕಡೆಗೆ ಹೋಗುವ 335ಇ ಎಂಬ ಬಸ್ಸು ನಗರದವರ ಬಾಯಲ್ಲಿ ಮನೆಯ ಮಗನ ಹೆಸರಿನಷ್ಟು ಸಲೀಸು. ಆದರೆ ಅಂಕಿ ಒಂದೇ ಇದ್ದು ಅದರ ಬೆನ್ನಿಗೆ ಅಂಟಿದ ಅಕ್ಷರ ಬೇರೆಯಾದರೆ ಹೋಗುವ ಬಡಾವಣೆಯೇ ಬೇರೆಯಾಗುತ್ತದೆಂಬುದನ್ನು ಮಟಕಿಯ ಹಿರಿಯರಿಗೆ ಯಾರು ತಿಳಿಸಬೇಕು? ಅವರು ಕೇಳುವುದು ಅವರಿಗೆ ಗೊತ್ತಿರುವ ರೀತಿಯಲ್ಲಿಯೇ: "ಈ ಗಾಡಿ ದವಾಖಾನಿ ಕಡಿ ಹೋತದೇನ್ರಿ?" ಉತ್ತರ ಹೇಳುವ ಚಾಲಕ ಒಳ್ಳೆಯವನಾದರೆ ಪ್ಲಾಟ್‌ಫಾರಂ ತೋರಿಸುತ್ತಾನೆ, ಬಹುತೇಕ ಎಲ್ಲರೂ ತೋರಿಸುತ್ತಾರೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಬಸ್ಸು ಬಂತೆಂದರೆ ಮನೆಯ ಮೊದಲನೆಯ ವಿಭಾಗ. ನಗರದ ಬಸ್ಸಿಗೆ ಎರಡು ಬಾಗಿಲು. ಹೆಂಗಸರು ಮುಂದೆ, ಗಂಡಸರು ಹಿಂದೆ. ಈ ಏರ್ಪಾಡು ಸ್ತ್ರೀಯರ ಕ್ಷೇಮಕ್ಕೋಸ್ಕರ ಆದುದು, ಸರ್ವಥಾ ಯೋಗ್ಯವಾದುದು. ಆದರೆ ಹೋಗಬೇಕಾದ ಸ್ಥಳದ ಹೆಸರು ಗಂಡನ ಜೇಬಿನ ಚೀಟಿಯಲ್ಲಿ, ಆಧಾರ್ ಕಾರ್ಡು ಹೆಂಡತಿಯ ಚೀಲದಲ್ಲಿ, ಅಳುವ ಮಗು ಒಬ್ಬರ ಬಳಿ, ಹಾಲಿನ ಬಾಟಲಿ ಇನ್ನೊಬ್ಬರ ಬಳಿ. ಇಬ್ಬರ ನಡುವೆ ನಿಂತ ಐವತ್ತು ಜನ. ಆಗ ಇಳಿಯುವ ಕಟ್ಟೆ ಬಂತೆಂದು ಗಂಡ ಹಿಂದಿನಿಂದ ಕೂಗುತ್ತಾನೆ, ಆ ಕೂಗು ಮುಂದಿನವರಿಗೆ ಮುಟ್ಟುವಷ್ಟರಲ್ಲಿ ಅವನು ಕೆಳಗೆ ಇಳಿದಿರುತ್ತಾನೆ. ಸಾಧಾರಣ ಬಸ್ಸಿನ ಮೆಟ್ಟಿಲುಗಳೂ ವೃದ್ಧೆಯ ಮೊಣಕಾಲಿಗೆ ಎತ್ತರವೇ. ಈಚೆಗೆ ಬಂದ ವಿದ್ಯುತ್ ಬಸ್ಸುಗಳ ಪೈಕಿ ಹಲವುಗಳ ನೆಲ ತಗ್ಗಾಗಿರುವುದರಿಂದ ಅವುಗಳನ್ನು ಏರುವುದು ಸುಲಭ; ಆಸ್ಪತ್ರೆಗಳ ದಾರಿಯಲ್ಲಿ ಅಂಥವೇ ಹೆಚ್ಚಾಗಿ ಓಡಾಡಬೇಕೆಂದು ಕೇಳುವ ಹಕ್ಕು ನಮ್ಮ ಸೀಮೆಗೂ ಉಂಟು.

ಮೆಟ್ರೊದ ಸಂಗತಿ ಹೆಚ್ಚು ವಿವರವಾಗಿ ಹೇಳತಕ್ಕದ್ದು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗಿನ ತುಣುಕಾಗಿ ಮೊದಲಾದ ನಮ್ಮ ಮೆಟ್ರೊ, 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗವನ್ನು ಪೂರ್ಣಗೊಳಿಸಿತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದಾಗ ಜಯದೇವ ಆಸ್ಪತ್ರೆಯ ಹೆಸರನ್ನೇ ಹೊತ್ತ ನಿಲ್ದಾಣವೊಂದು ಉತ್ತರ ಕರ್ನಾಟಕದ ರೋಗಿಗಳಿಗೆ ದೊರಕಿತು. ಈಗ ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದ ರೈಲು ಹತ್ತಿ, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ಲಾಲ್‌ಬಾಗುಗಳನ್ನು ದಾಟಿ ಆರ್.ವಿ. ರಸ್ತೆಯಲ್ಲಿ ಇಳಿದು, ಹಳದಿ ಮಾರ್ಗಕ್ಕೆ ಬದಲಾಯಿಸಿ, ರಾಗಿಗುಡ್ಡದ ಮುಂದಿನ ನಿಲ್ದಾಣದಲ್ಲಿ ಇಳಿದರೆ ಆಸ್ಪತ್ರೆ ಸನಿಹ. ರಸ್ತೆಯ ಮೇಲಿನ ವಾಹನಸಂದಣಿಯಲ್ಲಿ ಎದೆಬೇನೆಯ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೊಗೆ ಕುಡಿಯುತ್ತ ನಿಲ್ಲುವ ಸಂಕಟವನ್ನು ಬಲ್ಲವರಿಗೆ ಈ ದಾರಿ ಎಷ್ಟು ದೊಡ್ಡ ಸಮಾಧಾನವೆಂಬುದನ್ನು ಹೇಳಬೇಕಾಗಿಲ್ಲ.

ಆದರೆ ಮನೆ ಒಡೆದು ಒಡೆದು ಮತ್ತೆ ಕೂಡುವ ಪ್ರಸಂಗ ಇಲ್ಲಿ ಪದೇ ಪದೇ ಬರುತ್ತದೆ. ಮೊದಲು ತಪಾಸಣೆ: ಗಂಟುಮೂಟೆ ಯಂತ್ರದ ಬಾಯೊಳಗೆ ಒಂದು ಕಡೆ ಹೋಗುತ್ತದೆ, ಹೆಂಗಸರು ಪರದೆಯ ಮರೆಗೆ ಇನ್ನೊಂದು ಕಡೆ, ಗಂಡಸರು ಮತ್ತೊಂದು ಕಡೆ. ಆಮೇಲೆ ಸ್ವಯಂಚಾಲಿತ ದ್ವಾರ: ಒಂದು ಟೋಕನ್ನಿಗೆ ಒಬ್ಬರು, ಒಬ್ಬರು ದಾಟಿದೊಡನೆ ರೆಕ್ಕೆಗಳು ಮುಚ್ಚುತ್ತವೆ. ಮೂರಡಿಗಿಂತ ಕಡಿಮೆ ಎತ್ತರದ ಮಗುವಿಗೆ ಟಿಕೆಟಿಲ್ಲವಾದುದರಿಂದ ಅದು ತಾಯಿಯ ಸೊಂಟದ ಮೇಲೆ ದಾಟುತ್ತದೆ. ಕೊನೆಗೆ ಡಬ್ಬಿ: ಮುಂದಿನದು ಹೆಂಗಸರಿಗೆ ಮೀಸಲು.

ನಾನು ನನ್ನ ತಾಯಿಯವರನ್ನು ಕರೆದುಕೊಂಡು ಹೋದಾಗ ಟೋಕನ್ನನ್ನು ಅವರ ಕೈಗೆ ಕೊಟ್ಟಿದ್ದೆ. ಜನ್ಮವೆಲ್ಲ ದುಡ್ಡನ್ನು ಯಾವ ಜಾಗದಲ್ಲಿ ಕಾಪಾಡಿದರೋ ಅದೇ ಜಾಗದಲ್ಲಿ, ಸೆರಗಿನ ತುದಿಯಲ್ಲಿ, ಅವರು ಅದನ್ನು ಎರಡು ಗಂಟು ಹಾಕಿ ಬಿಗಿದಿದ್ದರು. ಇಳಿದು ಹೊರಬರುವ ದ್ವಾರದಲ್ಲಿ ಆ ಟೋಕನ್ನನ್ನು ಸೀಳಿನೊಳಗೆ ಹಾಕಬೇಕು. ಗಂಟು ಬಿಚ್ಚಲೊಲ್ಲದು, ಬೆರಳು ನಡುಗುತ್ತವೆ, ಹಿಂದೆ ಸಾಲು ಬೆಳೆಯುತ್ತಿದೆ, ನಾನು ದ್ವಾರದ ಆಚೆ ದಾಟಿಬಿಟ್ಟಿದ್ದೇನೆ, ಹಿಂದಿರುಗುವಂತಿಲ್ಲ. ಆಗ ಪಕ್ಕದಲ್ಲಿ ನಿಂತಿದ್ದ ಸಮವಸ್ತ್ರದ ಹುಡುಗಿಯೊಬ್ಬಳು ಹತ್ತಿರ ಬಂದು, "ನಿಧಾನ ಅಮ್ಮಾ, ಅರ್ಜೆಂಟ್ ಏನಿಲ್ಲ" ಎಂದಳು. "ಗಂಟು ಬಿಗೀ ಆಗ್ಯದ ನೋಡವ್ವಾ" ಎಂದರು ತಾಯಿ. ಆಕೆ ಸೆರಗನ್ನು ತನ್ನ ಅಂಗೈಯಲ್ಲಿ ಹರವಿಕೊಂಡು ಉಗುರಿನಿಂದ ಗಂಟು ಬಿಡಿಸಿ, ಗಾಲಿಕುರ್ಚಿಯವರಿಗೆಂದು ಇರುವ ಅಗಲವಾದ ದ್ವಾರವನ್ನು ತೆರೆದು, ತಾಯಿಯವರನ್ನು ಕೈಹಿಡಿದು ದಾಟಿಸಿದಳು. ಯಂತ್ರದ ಲೆಕ್ಕಕ್ಕೆ ನಿಲುಕದ ಕೆಲಸವನ್ನು ಒಬ್ಬ ಮನುಷ್ಯಳು ನಿಮಿಷಾರ್ಧದಲ್ಲಿ ಮಾಡಿ ಮುಗಿಸಿದ್ದಳು. ಈ ಅಗಲ ದ್ವಾರ ಎಲ್ಲ ನಿಲ್ದಾಣಗಳಲ್ಲಿಯೂ ಉಂಟು. ಕುಟುಂಬದೊಡನೆ ಹೋಗುವವರು ಸಂಕೋಚಪಡದೆ ಅದನ್ನೇ ಕೇಳಿ ಪಡೆಯಬೇಕು. ಓಡುವ ಮೆಟ್ಟಿಲನ್ನು ಕಂಡು ಸೀರೆಯ ನಿರಿಗೆ ಹಿಡಿದುಕೊಂಡು ಹಿಂಜರಿಯುವವರನ್ನು ಎಳೆದೊಯ್ಯುವುದೂ ಬೇಡ. ಲಿಫ್ಟು ಇದ್ದೇ ಇರುತ್ತದೆ, ಇಡಿಯ ಮನೆ ಗಂಟುಗಳೊಡನೆ ಒಂದಾಗಿ ಹೋಗಬಹುದಾದ ಏಕೈಕ ಜಾಗವೆಂದರೆ ಅದೇ.

ಗಂಟುಮೂಟೆಯ ಮಾತು ಬಂದಾಗ 2024ರ ಫೆಬ್ರುವರಿಯ ಒಂದು ಘಟನೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತ ವಯಸ್ಸಾದ ರೈತನೊಬ್ಬನನ್ನು, ಉಡುಪು ಮಾಸಿದೆಯೆಂಬ ಕಾರಣಕ್ಕೆ, ರಾಜಾಜಿನಗರದ ಮೆಟ್ರೊ ನಿಲ್ದಾಣದ ತಪಾಸಣೆಯಲ್ಲಿ ತಡೆದು ನಿಲ್ಲಿಸಲಾಯಿತು. ಆತನ ಕೈಯಲ್ಲಿ ಟಿಕೆಟು ಇತ್ತು. ಸಹಪ್ರಯಾಣಿಕರು ಸುಮ್ಮನಿರಲಿಲ್ಲ, ಯಾವ ನಿಯಮದ ಪ್ರಕಾರ ತಡೆದಿರೆಂದು ಸಿಬ್ಬಂದಿಯನ್ನು ಪ್ರಶ್ನಿಸಿದರು, ಆ ದೃಶ್ಯವನ್ನು ಚಿತ್ರೀಕರಿಸಿದರು. ಮೆಟ್ರೊ ನಿಗಮವು ವಿಷಾದವನ್ನು ವ್ಯಕ್ತಪಡಿಸಿ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದುಹಾಕಿತು. ನಮ್ಮ ಹಳ್ಳಿಗಳಲ್ಲಿ ಆ ದೃಶ್ಯವನ್ನು ಮೊಬೈಲಿನಲ್ಲಿ ನೋಡಿದವರು ತಮ್ಮ ಅಪ್ಪನನ್ನೇ, ತಮ್ಮ ಮುತ್ಯಾನನ್ನೇ ಅಲ್ಲಿ ಕಂಡರು. ಮಗ ನಗರದಲ್ಲಿ ದೊಡ್ಡ ನೌಕರಿಯಲ್ಲಿದ್ದರೂ ಧೋತರದ ಮುತ್ಯಾನನ್ನು ಮೆಟ್ರೊದೊಳಗೆ ಕರೆದೊಯ್ಯಲು ಒಳಗೊಳಗೆ ಅಳುಕುವುದಕ್ಕೆ ಇಂಥ ಒಂದು ನಿದರ್ಶನವೇ ಸಾಕು. ಆ ಅಳುಕನ್ನು ಕಳೆಯುವುದಕ್ಕೆ ಅಂದು ಪಕ್ಕದಲ್ಲಿ ನಿಂತು ವಾದಿಸಿದ ಆ ಅಪರಿಚಿತರಂಥವರು ಪ್ರತಿಯೊಂದು ಸಾಲಿನಲ್ಲಿಯೂ ಬೇಕು. ಸಾರ್ವಜನಿಕ ಹಣದಿಂದ ಕಟ್ಟಿದ ವಾಹನದಲ್ಲಿ ಹೊಲದ ಮಣ್ಣಿಗೂ ಸ್ಥಾನವಿರಲೇಬೇಕು.

ಹಣದ ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಕರ್ನಾಟಕದ ಹೆಣ್ಣುಮಕ್ಕಳು ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ, ಬೆಂಗಳೂರಿನ ನಗರ ಬಸ್ಸುಗಳೂ ಸೇರಿದಂತೆ, ಶೂನ್ಯ ದರದ ಚೀಟಿ ಪಡೆದು ಸಂಚರಿಸುತ್ತಾರೆ. ಹವಾನಿಯಂತ್ರಿತ ಬಸ್ಸುಗಳಿಗೆ ಅದು ಅನ್ವಯಿಸದು. ಮೆಟ್ರೊದಲ್ಲಾದರೆ 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಕನಿಷ್ಠ ದರ 10 ರೂಪಾಯಿಯಾಗಿಯೇ ಉಳಿದು ಗರಿಷ್ಠ ದರ 60ರಿಂದ 90ಕ್ಕೆ ಏರಿತು. ಒಬ್ಬನಿಗೆ ಅದು ಚಹಾ ಉಪಾಹಾರದ ಖರ್ಚು; ಐದಾರು ಮಂದಿಯ ಮನೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಲೆಕ್ಕ ಹಾಕಿದರೆ ಒಂದು ದಿನದ ಕೂಲಿ. ಆದುದರಿಂದ ನಮ್ಮವರು ತಾವಾಗಿಯೇ ಒಂದು ಮಾರ್ಗವನ್ನು ಕಂಡುಕೊಂಡಿದ್ದಾರೆ: ಆಸ್ಪತ್ರೆಯ ಸಮಯ ಮೀರಬಾರದೆಂದು ಹೋಗುವಾಗ ಮೆಟ್ರೊ, ಅವಸರವಿಲ್ಲದ ಮರಳುದಾರಿಗೆ ಬಸ್ಸು. ಗಡಿನಾಡಿನ ಹೆಣ್ಣುಮಕ್ಕಳಿಗೆ ಈ ದರಗಳ ತಾರತಮ್ಯ ಬೆರಳತುದಿಯಲ್ಲಿದೆ. ಕಲಬುರಗಿಯ ಕಡೆಗೆ ಹೊರಟರೆ ಶೂನ್ಯ. ಉಮರ್ಗಾ, ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆಗೆ ಮಹಾರಾಷ್ಟ್ರದ ಎಸ್.ಟಿ. ಹತ್ತಿದರೆ 2023ರ ಮಾರ್ಚಿನಿಂದ ಆ ರಾಜ್ಯದ ಮೇರೆಯೊಳಗೆ ಹೆಂಗಸರಿಗೆ ಅರ್ಧ ದರ. ತೆಲಂಗಾಣದ ಉಚಿತ ಪ್ರಯಾಣ ಅದೇ ವರ್ಷದ ಡಿಸೆಂಬರಿನಲ್ಲಿ ಆರಂಭವಾಯಿತಾದರೂ ಅದು ಅಲ್ಲಿಯ ನಿವಾಸಿಗಳಿಗೆ ಮಾತ್ರ.

ವಾಸ್ತವವಾಗಿ ಮಹಾನಗರದಲ್ಲಿ ಮನೆಯನ್ನು ನಡೆಸಿಕೊಂಡು ಹೋಗುವ ವಿದ್ಯೆಯನ್ನು ಈ ಸೀಮೆಯವರು ಬೆಂಗಳೂರಿಗಿಂತ ಮೊದಲೇ ಮುಂಬೈಯಲ್ಲಿ ಕಲಿತರು. ತಲೆಮಾರುಗಳಿಂದ ದುಡಿಮೆಗಾಗಿ ಸೊಲ್ಲಾಪುರ, ಪುಣೆ, ಮುಂಬೈಗಳಿಗೆ ಹೋದವರು ನಮ್ಮವರು. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟ ಆ ನಗರದಲ್ಲಿ ಲೋಕಲ್ ಗಾಡಿ ನಿಲ್ದಾಣದಲ್ಲಿ ನಿಲ್ಲುವುದು ಅರ್ಧ ನಿಮಿಷಕ್ಕಿಂತ ಹೆಚ್ಚಲ್ಲ. ಅಷ್ಟರೊಳಗೆ ಇಳಿಯುವವರ ಪ್ರವಾಹದೆದುರು ಹತ್ತಬೇಕು. ಅಲ್ಲಿ ನೆಲೆಸಿದವರು ಊರಿನಿಂದ ಬಂದ ಬಂಧುಗಳಿಗೆ ಮೊದಲ ದಿನವೇ ಹೇಳಿಕೊಡುವ ಪಾಠಗಳು ಯಾವ ಮಾರ್ಗದರ್ಶಿಯಲ್ಲಿಯೂ ಅಚ್ಚಾಗಿಲ್ಲ. ಸಣ್ಣ ಮಕ್ಕಳು ಹೆಂಗಸರ ಡಬ್ಬಿಗೆ. ಎಲ್ಲರಿಗಿಂತ ಮೊದಲು ಹತ್ತುವವನು ದಾರಿ ಬಲ್ಲವನಾಗಿರತಕ್ಕದ್ದಲ್ಲ, ಎಲ್ಲರಿಗಿಂತ ಕೊನೆಗೆ ಹತ್ತುವವನು ದಾರಿ ಬಲ್ಲವನಾಗಿರತಕ್ಕದ್ದು. ಏಕೆಂದರೆ ಬಾಗಿಲಿನಲ್ಲಿ ಹಿಂದುಳಿಯುವವರ ಸಂಗಡ ಅವನೇ ಉಳಿಯಬೇಕಾಗುತ್ತದೆ. ಯಾರಾದರೂ ಅಗಲಿದರೆ, ಮುಂದೆ ಹೋದವರು ಮುಂದಿನ ನಿಲ್ದಾಣದಲ್ಲಿಯೇ ಇಳಿದು ಇಳಿದ ಜಾಗದಲ್ಲಿಯೇ ನಿಲ್ಲತಕ್ಕದ್ದು, ಹಿಂದುಳಿದವರು ಮುಂದಿನ ಗಾಡಿಯಲ್ಲಿ ಅಲ್ಲಿಗೆ ಬರತಕ್ಕದ್ದು. ಇಬ್ಬರೂ ಹುಡುಕಲು ಹೊರಟರೆ ಇಬ್ಬರೂ ಸಿಗರು. ಓದಲು ಬಾರದ ಹಿರಿಯರ ಚೀಲದಲ್ಲಿ ವಿಳಾಸವನ್ನೂ ಫೋನಿನ ಅಂಕಿಯನ್ನೂ ಬರೆದ ಕಾಗದವಿರತಕ್ಕದ್ದು, ಮೊಬೈಲು ಎಲ್ಲರ ಕೈಯಲ್ಲಿ ಬಂದಿರುವ ಈ ಕಾಲದಲ್ಲಿಯೂ. ಬೆಂಗಳೂರಿನ ಮೆಟ್ರೊಗೆ ಈ ಪಾಠಗಳೆಲ್ಲ ಹಾಗೆಯೇ ಸಲ್ಲುತ್ತವೆ. ನಿಲ್ದಾಣಗಳ ಹೆಸರನ್ನು ಒಳಗೆ ಕನ್ನಡದಲ್ಲಿ ಕೂಗಿ ಹೇಳುವುದು ಅಲ್ಲಿಯ ಹೆಚ್ಚಿನ ಅನುಕೂಲ.

ಸಮಯದ ಆಯ್ಕೆಯೂ ಮುಖ್ಯವೇ. ಬೆಳಗಿನ ಎಂಟರಿಂದ ಹನ್ನೊಂದರವರೆಗೆ, ಸಂಜೆ ಐದರಿಂದ ಎಂಟೂವರೆಯವರೆಗೆ ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಮೆಜೆಸ್ಟಿಕ್ಕಿನಲ್ಲಿ ಮಾರ್ಗ ಬದಲಾಯಿಸುವುದೆಂದರೆ ದೇಹಕ್ಕೂ ಮನಸ್ಸಿಗೂ ಶಿಕ್ಷೆ. ಹಳದಿ ಮಾರ್ಗದಲ್ಲಿ ಆರಂಭದ ದಿನಗಳಲ್ಲಿ ಮೂರೇ ರೈಲುಗಳಿದ್ದು 25 ನಿಮಿಷಕ್ಕೊಂದರಂತೆ ಓಡುತ್ತಿದ್ದಾಗ ನಗರದವರು ಬೇಸರಪಟ್ಟುಕೊಂಡರು. ಅವರ ಬೇಸರ ಸಕಾರಣವಾದುದೇ. ಆದರೆ ಆರ್.ವಿ. ರಸ್ತೆಯ ಎತ್ತರದ ಪ್ಲಾಟ್‌ಫಾರಮಿನಲ್ಲಿ ಕೂತು, ರೊಟ್ಟಿಯ ಗಂಟು ಬಿಚ್ಚಲಾಗದಿದ್ದರೂ, ಮೊಣಕಾಲು ನೀವಿಕೊಳ್ಳುತ್ತ ದಣಿವಾರಿಸಿಕೊಂಡ ಹಿರಿಯರಿಗೆ ಆ ವಿಳಂಬ ಕಿಂಚಿತ್ತೂ ಭಾರವಾಗಿರಲಾರದು. ಅವರಿಗೆ ಬೇಕಾದುದು ರೈಲಿನ ಶೀಘ್ರತೆಗಿಂತ ಹೆಚ್ಚಾಗಿ ಕೂರುವ ಆಸನ, ಕುಡಿಯುವ ನೀರು, ಹತ್ತಿರದ ಶೌಚಾಲಯ. ನಿಲ್ದಾಣಗಳನ್ನು ಯೋಜಿಸುವವರು ಪ್ಲಾಟ್‌ಫಾರಮಿನ ಆಸನಗಳನ್ನು ಎಣಿಸುವಾಗ ಇಂಥವರನ್ನು ಕಣ್ಮುಂದೆ ಇಟ್ಟುಕೊಳ್ಳಬೇಕು.

ಇನ್ನು ಬೈಯಪ್ಪನಹಳ್ಳಿಯ ಟರ್ಮಿನಲ್ಲಿನ ಮಾತು. ವಿಮಾನ ನಿಲ್ದಾಣವನ್ನು ಹೋಲುವಂತೆ ಕಟ್ಟಿದ, ನಿರ್ಮಲವಾದ, ವಿಶಾಲವಾದ ನಿಲ್ದಾಣವದು. ಆದರೆ ಅದರ ಅಂಗಳಕ್ಕೆ ಮೆಟ್ರೊ ಬಂದಿಲ್ಲ. ಹತ್ತಿರದ ಮೆಟ್ರೊ ನಿಲ್ದಾಣ ಸುಮಾರು ಎರಡು ಕಿಲೋಮೀಟರಿನ ಆಚೆ. ಒಬ್ಬಂಟಿಯಾದ ತರುಣ ಬೆನ್ನಚೀಲ ಹೊತ್ತು ಅಷ್ಟು ದೂರವನ್ನು ನಡೆದುಬಿಟ್ಟಾನು. ಕಲಬುರಗಿಯಿಂದ ಬಂದಿಳಿದ ಮನೆಗೆ ಆ ಎರಡು ಕಿಲೋಮೀಟರು, ರೈಲಿನಲ್ಲಿ ಕ್ರಮಿಸಿದ ಐದುನೂರಕ್ಕೂ ಮಿಕ್ಕ ಕಿಲೋಮೀಟರುಗಳಿಗಿಂತ ದೀರ್ಘವಾಗಿ ತೋರುತ್ತದೆ: ನಿಲ್ದಾಣದ ಹೊರಗೆ ಆಟೋದವರೊಡನೆ ದರದ ಚರ್ಚೆ, ಒಂದು ಆಟೋದಲ್ಲಿ ಆರು ಮಂದಿ ಹಿಡಿಯರೆಂದು ಎರಡು ಆಟೋ, ಎರಡು ಆಟೋ ಎರಡು ಕಡೆ ಹೋದಾವೆಂಬ ಭಯ. ಊರಿನಲ್ಲಾದರೆ ಟಂಟಂ ಒಂದರಲ್ಲಿ ಎಲ್ಲರೂ ಹೇಗೋ ಕೂತುಬಿಡುತ್ತಿದ್ದರು. ಆ ಟರ್ಮಿನಲ್ಲಿನಿಂದ ನಗರದ ಬಸ್ಸುಗಳಿಲ್ಲವೆಂದಲ್ಲ. ಆದರೆ ಮೂಟೆ ಹೊತ್ತು ಬಂದವರ ಕಣ್ಣಿಗೆ, ಇಳಿದ ಕ್ಷಣದಲ್ಲಿ, ಅವರು ಓದಬಲ್ಲ ರೀತಿಯಲ್ಲಿ ಅವು ಕಾಣಬೇಕು. ಉತ್ತರ ಕರ್ನಾಟಕದ ರೈಲುಗಳು ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ, ನೆಲ ತಗ್ಗಾದ ಒಂದು ಬಸ್ಸು ನಿಲ್ದಾಣದ ಮುಖ್ಯ ದ್ವಾರಕ್ಕೇ ಬಂದು ನಿಂತು, ಕೊನೆಯ ಮುದುಕಿ ಹತ್ತುವವರೆಗೆ ಕಾಯುವಂತಾಗಲಿ. ಅದರ ಹಣೆಯ ಫಲಕದಲ್ಲಿ ಮಾರ್ಗದ ಅಂಕಿಯ ಕೆಳಗೆ, ದೂರದಿಂದಲೂ ಕಾಣುವ ಕನ್ನಡ ಅಕ್ಷರಗಳಲ್ಲಿ, ಜಯದೇವ, ಕಿದ್ವಾಯಿ, ನಿಮ್ಹಾನ್ಸ್ ಎಂದು ಬರೆದಿರಲಿ.